ಗಾಜಿನ ಹಿಂದಿನ ಟೋಪಿಯವನು

ಫೋಟೋಗಳಿಗೆ ಕಟ್ಟು ಹಾಕುವ ಆ ಅಂಗಡಿಯವನಿಗೆ ತಂದೆ ತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಮತದಾರರ ಗುರುತಿನ ಚೀಟಿ ಬಿಟ್ಟು ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಊರಿಗೆಲ್ಲ ಅವನು ಇರಬಹುದಣ್ಣ. ಯಾರು ಏನೇ ಹೇಳಲಿ, ಗಾಜು ಕೊಯ್ಯುತ್ತಿರುವ ಕೈ ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ, ಎದುರಿನವರನ್ನು ಗೌರವದಿಂದ ನೋಡಿ "ಇರಬಹುದು" ಎನ್ನುವುದು ಅವನ ಪದ್ಧತಿ. ಈ ವರ್ಷ ಮಳೆ ಜೋರು ಎಂದರೂ ಇರಬಹುದು, ಈ ವರ್ಷ ಮಳೆಯೇ ಇಲ್ಲ ಎಂದರೂ ಇರಬಹುದು. ಎರಡನ್ನೂ ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಕೂತವರು ಹೇಳಿದರೂ ಇಬ್ಬರೂ ಖುಷಿಯಾಗಿ ಎದ್ದು ಹೋಗುತ್ತಿದ್ದರು.

ಈ ಗುಣ ಹುಟ್ಟಿನಿಂದ ಬಂದದ್ದಲ್ಲ, ಅಪ್ಪನನ್ನು ನೋಡಿ ಕಲಿತದ್ದು. ಅದೇ ಅಂಗಡಿಯಲ್ಲಿ ಅವನಿಗಿಂತ ಮೊದಲು ಕೂತಿದ್ದ ಅಪ್ಪನದು ಒರಟು ನಾಲಿಗೆ. ಗಿರಾಕಿ ತನ್ನ ಫೋಟೋಗೆ ಚಿನ್ನದ ಬಣ್ಣದ ಕಟ್ಟು ಬೇಕೆಂದರೆ "ಈ ಮುಖಕ್ಕೆ ಕಪ್ಪು ಸಾಕು" ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸುತ್ತಿದ್ದ. ಅಪ್ಪ ಹೇಳಿದ್ದು ಬಹುತೇಕ ಸರಿಯೇ ಇರುತ್ತಿತ್ತು, ಅದೇ ದೊಡ್ಡ ತೊಂದರೆ. ಊರಿನ ಅರ್ಧ ಗೋಡೆಗಳು ಎದುರು ಬೀದಿಯ ಇನ್ನೊಂದು ಕಟ್ಟಿನ ಅಂಗಡಿಯ ಪಾಲಾದವು. ಮಗ ಅಂಗಡಿಗೆ ಕೂತ ದಿನವೇ 'ಇಲ್ಲ', 'ಅಲ್ಲ', 'ಬೇಡ' ಎಂಬ ಮಾತುಗಳನ್ನು ಅಪ್ಪನ ಹಿಡಿ ಸಡಿಲಿದ ಸುತ್ತಿಗೆಯ ಜೊತೆಗೆ ಮೂಲೆಗೆ ಹಾಕಿದ. ವ್ಯಾಪಾರ ಕುದುರಿತು. ಎಂಥ ವಿಶಾಲ ಮನಸ್ಸು ಎಂದು ಜನ ಹೊಗಳಿದರು. ದಿನವೂ ಹೊಗಳಿಸಿಕೊಂಡವನು ನಂಬದೆ ಇರುತ್ತಾನೆಯೇ? ವಿಶಾಲ ಮನಸ್ಸು ತನ್ನಲ್ಲಿ ಮೊದಲಿನಿಂದಲೂ ಇತ್ತೆಂದೇ ಅವನೂ ತಿಳಿದುಕೊಂಡ.

ಮನೆ ಅಂಗಡಿಯ ಹಿಂದೆಯೇ. ಮನೆಯಲ್ಲಿ ಹೆಂಡತಿ, ಮತ್ತು ಅಂಗಡಿಯ ನೆತ್ತಿಯ ಮೇಲಿನ ಒಂಟಿ ಕೋಣೆಯಲ್ಲಿ ಹೆಂಡತಿಯ ತಮ್ಮ. ಈ ಭಾವಮೈದ ಮಾತು ಕಡಿಮೆಯ, ಮದುವೆಯಾಗದ ಮನುಷ್ಯ. ಈಗ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಅದಕ್ಕೆ ಮೊದಲು ಓಡಿಸುತ್ತಿದ್ದದ್ದು ಒಂದು ತೆರೆದ ಜೀಪು. ಆ ಜೀಪಿನಲ್ಲಿ ನಿಂತು ಜನರತ್ತ ಕೈ ಬೀಸುತ್ತಿದ್ದವರು ನಾಯಕರು.

ನಾಯಕರು ಎಂದರೆ ಆ ಕಡೆ ಒಬ್ಬರೇ. ಚುನಾವಣೆಗೆ ಸ್ವಲ್ಪ ಮುಂಚೆ, ಮಾರುಕಟ್ಟೆಯ ರಸ್ತೆಯಲ್ಲಿ ಮೆರವಣಿಗೆ ಹೋಗುವಾಗ, ಜನರ ನಡುವಿನಿಂದ ಒಬ್ಬ ಮುಂದೆ ಬಂದು ಪಿಸ್ತೂಲು ಹಾರಿಸಿದ. ನಾಯಕರು ಜೀಪಿನಲ್ಲೇ ಕುಸಿದರು. ಹಾರಿಸಿದವನು ಅಲ್ಲೇ ಸಿಕ್ಕಿಬಿದ್ದ, ತಾನೇ ಮಾಡಿದೆ ಎಂದ, ಯಾಕೆ ಮಾಡಿದೆ ಎಂದೂ ಹೇಳಿದ, ಶಿಕ್ಷೆಯಾಗಿ ಸೆರೆಮನೆಯಲ್ಲೇ ಕಾಯಿಲೆಯಿಂದ ಸತ್ತ. ಆಮೇಲೆ ಒಂದು ಆಯೋಗ ಕೂತು ವಿಚಾರಣೆ ಮಾಡಿ ಅದನ್ನೇ ಎರಡು ದಪ್ಪ ಸಂಪುಟಗಳಲ್ಲಿ ಹೇಳಿತು. ಆ ಸಂಪುಟಗಳು ಇರಬಹುದಣ್ಣನ ಅಂಗಡಿಯಲ್ಲೂ ಇದ್ದವು. ಅಂಟು ಹಚ್ಚಿದ ಫೋಟೋಗಳ ಮೇಲೆ ಹೇರಲು ಅಷ್ಟು ಒಳ್ಳೆಯ ಭಾರ ಬೇರೆ ಸಿಕ್ಕಿರಲಿಲ್ಲ.

ಆದರೆ ಒಬ್ಬ ಮನುಷ್ಯ, ಒಂದು ಪಿಸ್ತೂಲು, ಒಂದಿಷ್ಟು ಸಿಟ್ಟು, ಇಷ್ಟನ್ನೇ ಇಟ್ಟುಕೊಂಡು ಬುದ್ಧಿವಂತರು ಸಂಜೆಗಳನ್ನು ಕಳೆಯುವುದು ಹೇಗೆ? ಇರಬಹುದಣ್ಣನ ಬೆಂಚಿನ ಮೇಲೆ ಹಾಗೆ ಸಂಜೆ ಕಳೆಯುವವರು ಮೂವರಿದ್ದರು. ನಿವೃತ್ತರಾದ ಭೂಗೋಳದ ಮೇಷ್ಟ್ರು, ಪಕ್ಕದ ಬೀದಿಯ ಔಷಧಿ ಅಂಗಡಿಯವರು, ಮತ್ತು ಒಬ್ಬ ವಿಮಾ ಏಜೆಂಟ. ನೆರೆಯ ದೇಶದ ಕೈವಾಡ ಎಂಬುದು ಮೇಷ್ಟ್ರ ವಾದ, ನಕ್ಷೆ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದಂತೆ. ಗುಂಡು ಬೀಳುವ ಮೊದಲೇ ನಾಯಕರು ವಿಷದಿಂದ ಸತ್ತಿದ್ದರು ಎಂಬುದು ಔಷಧಿಯವರ ವಾದ. ಸತ್ತವರು ನಾಯಕರೇ ಅಲ್ಲ, ಅವರನ್ನೇ ಹೋಲುವ ಬೇರೆ ಯಾರೋ, ನಾಯಕರು ಎಲ್ಲೋ ಒಂದು ಕಡೆ ಆರಾಮವಾಗಿದ್ದಾರೆ ಎಂಬುದು ಏಜೆಂಟನದು. ಒಂದೇ ಸಂಜೆಯಲ್ಲಿ ನಾಯಕರು ವಿಷದಿಂದ ಸತ್ತು, ಆಮೇಲೆ ಗುಂಡಿನಿಂದ ಸತ್ತು, ಕೊನೆಗೆ ಸಾಯದೆಯೂ ಉಳಿಯುತ್ತಿದ್ದರು. ಇರಬಹುದಣ್ಣ ಮೂರಕ್ಕೂ ತಲೆದೂಗುತ್ತಿದ್ದ.

ಬೆಂಚಿನ ಮೇಲಿನ ಗೋಡೆಗೆ ಒಂದು ಫಲಕ. "ಇಲ್ಲಿ ಯಾವ ವಾದವನ್ನೂ ತಳ್ಳಿಹಾಕುವುದಿಲ್ಲ." ಅಕ್ಷರ ಮೇಷ್ಟ್ರದು, ಕಟ್ಟು ಅಂಗಡಿಯವನದು. ಒಂದು ಸಲ ಚಹಾ ತಂದುಕೊಡುವವನು ಲೋಟ ಇಡುತ್ತಾ, "ಆ ಸಿಕ್ಕಿಬಿದ್ದವನೇ ಮಾಡಿದ್ದಲ್ವಾ ಸರ್, ಅವನೇ ಒಪ್ಕೊಂಡಿದ್ದ" ಎಂದುಬಿಟ್ಟ. ಮೇಷ್ಟ್ರು ಅವನನ್ನು ಕನಿಕರದಿಂದ ನೋಡಿ, "ಪಾಪ, ಮನಸ್ಸು ಬೆಳೆದಿಲ್ಲ" ಎಂದರು. ಯಾವ ವಾದವನ್ನೂ ತಳ್ಳಿಹಾಕದ ಆ ಅಂಗಡಿಯಲ್ಲಿ ಆ ಒಂದು ವಾದಕ್ಕೆ ಮಾತ್ರ ಕೂರಲು ಜಾಗ ಸಿಕ್ಕಿರಲಿಲ್ಲ.

ಎಲ್ಲ ವಾದಗಳ ತಾಯಿಬೇರು ಎದುರು ಗೋಡೆಯಲ್ಲಿತ್ತು. ನಾಯಕರು ಸಾಯುವ ಕ್ಷಣಕ್ಕೆ ತುಸು ಮೊದಲು ತೆಗೆದ ಒಂದು ಪತ್ರಿಕಾ ಚಿತ್ರ, ದೊಡ್ಡದಾಗಿ ಮಾಡಿಸಿದ್ದು. ಜೀಪು, ಕೈ ಎತ್ತಿದ ನಾಯಕರು, ಸ್ಟಿಯರಿಂಗಿನ ಹಿಂದೆ ಅರ್ಧ ಮುಖ ಮಾತ್ರ ಕಾಣುವ ಭಾವಮೈದ, ಸುತ್ತ ಜನ. ಸಾವಾದ ವಾರ ನಾಯಕರ ಚಿತ್ರಕ್ಕೆ ಕಟ್ಟು ಹಾಕಿಸಲು ಅಂಗಡಿಯ ಮುಂದೆ ಸಾಲು ನಿಂತಿತ್ತು. ಬದುಕಿದ್ದಾಗ ಅವರನ್ನು ಬೈದವರೂ ಸಾಲಿನಲ್ಲಿದ್ದರು. ಆ ಗಡಿಬಿಡಿಯ ನಡುವೆಯೇ ಇರಬಹುದಣ್ಣ ತನಗಾಗಿ ಈ ಚಿತ್ರಕ್ಕೂ ಕಟ್ಟು ಹಾಕಿ ಕೈಗೆ ಸಿಕ್ಕ ಮೊಳೆಗೆ ನೇತುಹಾಕಿದ್ದ. ಆ ಗೋಡೆಯ ಆಚೆ ಪಕ್ಕದ ಬಟ್ಟೆ ಒಗೆಯುವ ಅಂಗಡಿಯ ನೀರಿನ ತೊಟ್ಟಿ ಇತ್ತು.

ಮೊದಲ ಕೆಲವು ವರ್ಷ ಆ ಚಿತ್ರದಲ್ಲಿ ಇದ್ದದ್ದು ಇಷ್ಟೇ. ಆಮೇಲೆ ಒಂದು ದಿನ ಮೇಷ್ಟ್ರು ತಮ್ಮ ನಕ್ಷೆ ನೋಡುವ ಭೂತಗನ್ನಡಿಯನ್ನು ಹಿಡಿದು, ಜನರ ಹಿಂದೆ, ಕಂಬದ ಪಕ್ಕ, ಒಬ್ಬ ಟೋಪಿಯವನನ್ನು ಪತ್ತೆ ಮಾಡಿದರು. ಎಲ್ಲರೂ ಎದ್ದು ನೋಡಿದರು. ನಿಜ, ದುಂಡನೆಯ ಟೋಪಿ.

"ಇಷ್ಟು ವರ್ಷ ನಮಗೆ ಯಾಕೆ ಕಾಣಿಸ್ಲಿಲ್ಲ ಮೇಷ್ಟ್ರೇ?" ಎಂದು ಔಷಧಿಯವರು ಕೇಳಿದರು.

"ನೋಡೋ ಮನಸ್ಸಿರ್ಲಿಲ್ಲ. ಈಗ ಬಂದಿದೆ."

"ಇರಬಹುದು" ಎಂದ ಅಂಗಡಿಯವನು.

ಮುಂದಿನ ವರ್ಷ ಟೋಪಿಯವನಿಗೆ ಭುಜ ಕಂಡಿತು. ಅದರ ಮುಂದಿನ ವರ್ಷ ಕೋಟು. ತಮ್ಮ ಮನಸ್ಸು ವರ್ಷದಿಂದ ವರ್ಷಕ್ಕೆ ಹೇಗೆ ಅರಳುತ್ತಿದೆ ಎಂದು ಮೂವರೂ ಬೆರಗಾದರು. ಅರಳುವಿಕೆ ಮಳೆಗಾಲದಲ್ಲೇ ಯಾಕೆ ಹೆಚ್ಚು ಎಂದು ಯಾರೂ ಕೇಳಲಿಲ್ಲ. ಮಳೆಯಲ್ಲಿ ಹೊರಗೆ ಹೋಗಲಾಗದೆ ಚಿತ್ರವನ್ನು ಹೆಚ್ಚು ಹೊತ್ತು ನೋಡುತ್ತೇವೆ, ಅದಕ್ಕೇ ಇರಬೇಕು ಎಂದು ಏಜೆಂಟ ಒಮ್ಮೆ ತಾನಾಗಿಯೇ ಸಮಾಧಾನ ಹೇಳಿದ.

ಈ ಸಲ ಮಳೆ ಹಿಡಿದು ಬಿಡಲಿಲ್ಲ. ಟೋಪಿಯವನಿಗೆ ಕೈ ಬಂತು. ಎತ್ತಿದ ಕೈ.

ಮೇಷ್ಟ್ರು ಭೂತಗನ್ನಡಿಯನ್ನು ಒರೆಸಿ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ಜೀಪು ಅಲ್ಲಿ ನಿಧಾನ ಆಯ್ತು. ಯಾಕೆ ಆಯ್ತು? ಇವನು ಕೈ ತೋರಿಸಿದ. ಯಾರಿಗೆ ತೋರಿಸಿದ?"

ಮೂವರ ಕಣ್ಣೂ ಒಟ್ಟಿಗೆ ಅಂಗಡಿಯ ಸೂರಿನತ್ತ ಹೋದವು. ಸೂರಿನ ಮೇಲೆ ಭಾವಮೈದನ ಕೋಣೆ. ಶಾಲೆಯ ಮಕ್ಕಳನ್ನು ಮನೆಗೆ ಬಿಟ್ಟು ಬಂದಿದ್ದ ಅವನು ನಡೆದಾಡುವ ಸದ್ದು ಕೇಳುತ್ತಿತ್ತು.

"ನಿಮ್ಮ ಮನೆ ಹುಡುಗ. ನಿಮಗೆ ಕಷ್ಟ ಆಗೋದಾದ್ರೆ ಬಿಟ್ಬಿಡೋಣ" ಎಂದ ಏಜೆಂಟ, ಬಿಡುವ ಮನಸ್ಸು ಎಳ್ಳಷ್ಟೂ ಇಲ್ಲದ ದನಿಯಲ್ಲಿ.

ಇರಬಹುದಣ್ಣನೂ ಒಮ್ಮೆ ಸೂರಿನತ್ತ ನೋಡಿದ. ಆದರೆ ಮೂವರೂ ತನ್ನನ್ನೇ ನೋಡುತ್ತಿದ್ದಾರೆ. ಇಷ್ಟು ವರ್ಷ ಕಂಡವರ ಬಗ್ಗೆಯೆಲ್ಲ ವಿಶಾಲವಾಗಿದ್ದ ಮನಸ್ಸು, ತನ್ನ ಮನೆಯ ಮಾತು ಬಂದಾಗ ಕಿರಿದಾದರೆ ಜನ ಏನೆಂದಾರು? ಅವನು ಕನ್ನಡಕವನ್ನು ಹಣೆಗೇರಿಸಿದ.

"ನನ್ನವನು ಅಂತ ಬೇರೆ ನ್ಯಾಯ ಮಾಡೋಕಾಗುತ್ತಾ? ಇರಬಹುದು."

ಮೇಷ್ಟ್ರು ಎದ್ದು ಬಂದು ಅವನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ಇಂಥ ಮನುಷ್ಯರು ಈಗ ಎಲ್ಲಿದ್ದಾರೆ" ಎಂದರು. ಅವತ್ತು ಇರಬಹುದಣ್ಣ ಅಂಗಡಿಯ ಬಾಗಿಲು ಹಾಕುವಾಗ ನೆಲದಿಂದ ಒಂದು ಗೇಣು ಮೇಲಿದ್ದ.

ಆ ಮಾತು ಅವನಿಗಿಂತ ಬೇಗ ಮನೆ ಮನೆ ತಲುಪಿತು. ಬೇರೆ ಯಾರೋ ಹೇಳಿದ್ದರೆ ಜನ ಗಾಳಿಮಾತೆಂದು ಬಿಡುತ್ತಿದ್ದರೇನೋ. ಇದು ಸ್ವಂತ ಭಾವನೇ ಹೇಳಿದ್ದು. ವ್ಯಾನಿನಲ್ಲಿ ಮಕ್ಕಳನ್ನು ಕಳಿಸುವ ತಾಯಂದಿರು ಶಾಲೆಯ ಗೇಟಿನಲ್ಲಿ ಗುಸುಗುಸು ಶುರುಮಾಡಿದರು. ಕೆಲವರು ಮಕ್ಕಳನ್ನು ನಡೆಸಿಕೊಂಡೇ ಕರೆತಂದರು. ಕೊನೆಗೆ ಹೆಡ್ ಮೇಡಂ ತಾವೇ ಅಂಗಡಿಗೆ ಬಂದರು. ಬಂದದ್ದು ಮಧ್ಯಾಹ್ನ ಇಳಿದ ಮೇಲೆ, ಬೆಂಚು ತುಂಬಿದ್ದ ಹೊತ್ತಿಗೆ.

"ನೇರವಾಗಿ ಕೇಳ್ತೀನಿ. ಅವರ ಬಗ್ಗೆ ಜನ ಹೇಳ್ತಾ ಇರೋದು ನಿಜ ಇರಬಹುದಾ? ನೀವು ಒಂದೇ ಮನೇಲಿ ಇರೋರು. ಇಲ್ಲ ಅಂದ್ಬಿಡಿ, ನಾನು ಹೋಗಿ ಎಲ್ಲರ ಬಾಯಿ ಮುಚ್ಚಿಸ್ತೀನಿ."

ಒಂದು ಮಾತು ಸಾಕಿತ್ತು. ಆದರೆ ಆ ಮಾತನ್ನು ಅವನು ಅಂಗಡಿಗೆ ಕೂತ ದಿನದಿಂದ ಆಡಿರಲಿಲ್ಲ. ಬೆಂಚಿನ ಮೇಲೆ ಮೇಷ್ಟ್ರು ಫಲಕದ ಕೆಳಗೇ ಕೂತು ಮುಗುಳ್ನಗುತ್ತಿದ್ದರು. ಇರಬಹುದಣ್ಣ ಕನ್ನಡಕವನ್ನು ಹಣೆಗೇರಿಸಿದ.

"ಇಲ್ಲ ಅನ್ನೋಕೆ ನಾನ್ಯಾರು ಮೇಡಂ? ಇದ್ರೂ ಇರಬಹುದು."

ಮುಂದಿನ ಸೋಮವಾರದಿಂದ ವ್ಯಾನಿಗೆ ಬೇರೆ ಚಾಲಕ ಎಂದು ಗೊತ್ತಾಯಿತು.

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ತಟ್ಟೆ ಇಟ್ಟು, ಬಡಿಸಿ, ಎದುರಿಗೆ ಕೂತು ತಣ್ಣಗೆ ಹೇಳಿದಳು. "ನಾನೂ ಮನಸ್ಸು ತೆರೆದಿಡೋದು ಕಲಿತೆ. ನಾಳೆಯಿಂದ ನಿಮಗೆ ಊಟ ಇರಬಹುದು. ಇಲ್ಲದೇನೂ ಇರಬಹುದು."

ಭಾವಮೈದ ಅಷ್ಟೂ ಹೇಳಲಿಲ್ಲ. ಬೇರೆ ಊರಿನಲ್ಲಿ ಲಾರಿ ಓಡಿಸುವ ಕೆಲಸ ಗೊತ್ತುಮಾಡಿಕೊಂಡು, ಭಾನುವಾರ ಹೊರಡುತ್ತೇನೆಂದು ಅಕ್ಕನಿಗೆ ತಿಳಿಸಿ, ಟ್ರಂಕಿಗೆ ಬಟ್ಟೆ ತುಂಬತೊಡಗಿದ. ಇರಬಹುದಣ್ಣ ಮೆಟ್ಟಿಲು ಹತ್ತಿ ಹೋಗಿ ಬಾಗಿಲಲ್ಲಿ ನಿಂತ. ಭಾವಮೈದನೇ ಹೇಳಿದ. "ಈ ಕಿಟಕಿ ಚಿಲಕ ಸಡಿಲ ಇದೆ ಭಾವ. ಮುಂದೆ ಬಾಡಿಗೆಗೆ ಕೊಟ್ರೆ ಸರಿ ಮಾಡಿಸಿ ಕೊಡಿ." ಅಷ್ಟೇ. ಇರಬಹುದಣ್ಣ ಚಿಲಕವನ್ನು ಎರಡು ಸಲ ಆಡಿಸಿ ನೋಡಿ ಕೆಳಗೆ ಬಂದ. ಅವನಿಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ತನ್ನ ವಿಶಾಲ ಮನಸ್ಸಿನ ಮೇಲೆ ಅವನಿಗೇ ಸಿಟ್ಟು ಬಂತು.

ಶನಿವಾರ ಬೆಳಿಗ್ಗೆ ಒಬ್ಬ ಮುದುಕಿ ಸೆರಗಿನೊಳಗೆ ಒಂದು ಹಳೆಯ ಫೋಟೋ ಮುಚ್ಚಿಕೊಂಡು ಬಂದಳು. ತೀರಿಹೋದ ಗಂಡನದು.

"ನೋಡಪ್ಪ, ಯಜಮಾನರ ಭುಜದ ಹಿಂದೆ ಯಾರೋ ನಿಂತಿದ್ದಾರೆ. ಮೊದಲು ಇರ್ಲಿಲ್ಲ. ಈ ಮಳೆಗಾಲದಲ್ಲಿ ಬಂದ್ರು. ದಿನಾ ನೋಡ್ತೀನಿ, ಹತ್ತಿರ ಹತ್ತಿರ ಬರ್ತಾನೇ ಇದ್ದಾರೆ."

ಇರಬಹುದಣ್ಣ ಕನ್ನಡಕವನ್ನು ಹಣೆಗೇರಿಸಲಿಲ್ಲ, ಮೂಗಿಗೆ ಇಳಿಸಿದ. ಫೋಟೋವನ್ನು ಓರೆಯಾಗಿ ಬೆಳಕಿಗೆ ಹಿಡಿದ.

"ಯಾರೂ ಇಲ್ಲ ಅಮ್ಮ. ತೇವ. ಕಟ್ಟು ಹಾಕಿದವನು ಫೋಟೋನ ನೇರ ಗಾಜಿಗೆ ಒತ್ತಿಬಿಟ್ಟಿದ್ದಾನೆ. ನಡುವೆ ಅಂಚಿಗೆ ರಟ್ಟು ಕೊಟ್ಟು ಗಾಳಿ ಆಡೋಕೆ ಬಿಡಬೇಕು. ಒದ್ದೆ ಗೋಡೆಗೆ ಹಾಕಿದ್ರಾ? ಅದೇ. ಬೂಸಲು ಬೆಳೆದಿದೆ. ಯಾವ ದಡ್ಡ ಮಾಡಿದ್ದು ಇದನ್ನ?"

"ನಿಮ್ಮಪ್ಪನ ಮೇಲೆ ಸಿಟ್ಟಾಗಿ ಎದುರು ಬೀದಿಯವನ ಹತ್ರ ಹಾಕಿಸಿದ್ದು" ಎಂದಳು ಮುದುಕಿ.

ಅವನು ನಗಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. 'ಯಾರೂ ಇಲ್ಲ' ಎಂದು ತಾನೇ ಹೇಳಿದ್ದು ಆಗ ಅವನ ಕಿವಿಗೆ ಬಿತ್ತು. ಮೆಲ್ಲಗೆ ತಿರುಗಿ ಎದುರು ಗೋಡೆ ನೋಡಿದ. ಗೋಡೆಯ ಸುಣ್ಣ ತೊಟ್ಟಿಯ ತೇವಕ್ಕೆ ಉಬ್ಬಿತ್ತು. ಚಿತ್ರ ಗಾಜಿಗೆ ಒತ್ತಿಕೊಂಡಿತ್ತು. ಅಂಚಿಗೆ ರಟ್ಟು ಇರಲಿಲ್ಲ. ನಾಯಕರು ಸತ್ತ ಆ ವಾರ ಅಂಗಡಿಯ ಮುಂದೆ ಸಾಲು ಇತ್ತು, ಕೈ ಬಿಡುವಿರಲಿಲ್ಲ. ಗಿರಾಕಿಗಳ ಫೋಟೋದಲ್ಲಿ ಸಾಸಿವೆ ಗಾತ್ರದ ಕಲೆಯನ್ನು ದೂರದಿಂದಲೇ ಗುರುತಿಸುವ ಮನುಷ್ಯ, ತನ್ನ ಕಣ್ಣೆದುರೇ ಬೂಸಲು ಕೋಟು ಹಾಕಿಕೊಂಡು ನಿಂತಿದ್ದನ್ನು ಕಂಡಿರಲಿಲ್ಲ. ಅದನ್ನು ಅವನು ಕೆಲಸದ ಕಣ್ಣಿನಿಂದ ನೋಡಿರಲೇ ಇಲ್ಲ, ವಿಶಾಲ ಮನಸ್ಸಿನಿಂದ ನೋಡಿದ್ದ.

ಸಂಜೆ ಮೂವರೂ ಬರುವವರೆಗೆ ಕಾದ. ಬೆನ್ನ ಹಿಂದೆ ಮಾಡಿದ ಎನಿಸಿಕೊಳ್ಳಬಾರದು ಎಂದು ಅವರ ಕಣ್ಣೆದುರೇ ಚಿತ್ರ ಇಳಿಸಿ, ಮೇಜಿನ ಮೇಲೆ ಬೋರಲು ಹಾಕಿ, ಮೊಳೆ ಕಿತ್ತು, ಹಿಂಬದಿಯ ಹಲಗೆ ಎತ್ತಿದ. ಮುಗ್ಗಲು ವಾಸನೆ ಗಪ್ಪೆಂದು ಬಂತು. ತೆಳು ಚಾಕುವಿನಿಂದ ಚಿತ್ರವನ್ನು ಗಾಜಿನಿಂದ ಬಿಡಿಸಿದ. ಟೋಪಿಯವನ ಕೈ ಚಿತ್ರದ ಜೊತೆ ಬರಲಿಲ್ಲ, ಗಾಜಿನಲ್ಲೇ ಉಳಿಯಿತು. ಅವನು ಒದ್ದೆ ಹತ್ತಿಯಿಂದ ಒರೆಸಿದ. ಕೈ ಹತ್ತಿಗೆ ಬಂತು. ಟೋಪಿ ಮಾತ್ರ ಕಾಗದಕ್ಕೇ ಇಳಿದು ಕಂದು ಕಲೆಯಾಗಿ ಕೂತಿತ್ತು.

"ಬೂಸಲು" ಎಂದ. "ತಪ್ಪು ನನ್ನದೇ. ಗಾಜಿಗೆ ಒತ್ತಿ ಕಟ್ಟು ಹಾಕಿದ್ದೆ. ಟೋಪಿಯವನು ಯಾರೂ ಇಲ್ಲ."

ಮೊದಲು ಬಾಯಿಬಿಟ್ಟವರು ಮೇಷ್ಟ್ರು.

"ಏನು ಮಾಡಿದ್ರಿ ಈಗ?"

"ಒರೆಸಿದೆ."

"ಸಾಕ್ಷಿ ಒರೆಸಿಬಿಟ್ರಲ್ಲ."

ಔಷಧಿಯವರು ಹತ್ತಿಯನ್ನು ಮೂಸಿ ನೋಡಿದರು. "ಬೂಸಲೇ. ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಬೂಸಲು ತಾನಾಗಿ ಬರುತ್ತೆ, ಬೆಳೆಸಿದ್ರೂ ಬರುತ್ತೆ. ಬೇಕಾದ ಆಕಾರಕ್ಕೆ ಬೆಳೆಸೋರೂ ಇದ್ದಾರೆ."

"ನಾನೇನೂ ಹೇಳ್ತಾ ಇಲ್ಲ" ಎಂದು ಏಜೆಂಟ ಎರಡೂ ಕೈ ಎತ್ತಿದ. "ಭಾವಮೈದ ನಾಳೆ ಊರು ಬಿಡ್ತಾನೆ, ಇವತ್ತು ಕೈ ಮಾಯ ಆಗುತ್ತೆ. ಸುಮ್ನೆ ಪಕ್ಕಪಕ್ಕ ಇಟ್ಟು ನೋಡ್ತಾ ಇದ್ದೀನಿ, ಅಷ್ಟೆ."

"ಇಲ್ಲ" ಎಂದ ಇರಬಹುದಣ್ಣ. ತುಕ್ಕು ಹಿಡಿದ ಬೀಗ ತೆರೆದ ಹಾಗೆ ಬಂತು ಆ ಮಾತು. "ಇಲ್ಲ. ನನಗೆ ಹೊಸದೊಂದು ಕಾಣಿಸ್ತು, ನಾನು ಮನಸ್ಸು ಬದಲಾಯಿಸ್ದೆ. ಅದಕ್ಕೇ ಅಲ್ವಾ ಮನಸ್ಸು ತೆರೆದಿಡೋದು? ಇಷ್ಟು ವರ್ಷ ಇಲ್ಲಿ ಕೂತ್ರಲ್ಲ, ನಿಮ್ಮ ಮನಸ್ಸು ಒಂದು ಸಲವಾದ್ರೂ ಬದಲಾಯ್ತಾ ಮೇಷ್ಟ್ರೇ?"

"ಯಾಕೆ ಬದಲಾಗಬೇಕು? ನಮ್ಮದು ಮೊದಲಿಂದಲೂ ತೆರೆದೇ ಇದೆ" ಎಂದರು ಮೇಷ್ಟ್ರು, ನಿಜವಾದ ನೋವಿನಿಂದ.

ಮೂವರೂ ಎದ್ದು ಹೋದರು. ಹೋಗುವಾಗ ಮೇಷ್ಟ್ರು ತಮ್ಮ ಅಕ್ಷರದ ಫಲಕವನ್ನು ಇಳಿಸಿ ಕಂಕುಳಲ್ಲಿ ಇಟ್ಟುಕೊಂಡರು. ಕಟ್ಟು ತನ್ನದೆಂದು ಇರಬಹುದಣ್ಣ ನೆನಪಿಸಲಿಲ್ಲ. ಬೆಂಚಿನ ಸಭೆ ಅಂದಿನಿಂದ ಔಷಧಿ ಅಂಗಡಿಯ ಮುಂದಕ್ಕೆ ವರ್ಗವಾಯಿತು. ಅಲ್ಲಿ ಹೊಸ ಪ್ರಶ್ನೆ ಎದ್ದಿದೆ ಎಂದು ಚಹಾದವನು ಬಂದು ಸುದ್ದಿ ಮುಟ್ಟಿಸಿದ. ನಾಯಕರ ಸಾವಿನಿಂದ ಈ ಊರಿನಲ್ಲಿ ನಿಜವಾಗಿ ಲಾಭ ಆದದ್ದು ಯಾರಿಗೆ? ಸಾವಾದ ವಾರ ಯಾರ ಅಂಗಡಿಯ ಮುಂದೆ ಸಾಲು ನಿಂತಿತ್ತು?

ಆದರೆ ಆ ಸುದ್ದಿ ಬಂದದ್ದು ಆಮೇಲೆ. ಆ ಸಂಜೆ ಅವನು ಅಂಗಡಿಯನ್ನು ಹಾಗೇ ಬಿಟ್ಟು, ಅಂಟು ಮೆತ್ತಿದ ಕೈಯಲ್ಲೇ ಹೆಡ್ ಮೇಡಂ ಮನೆಗೆ ಓಡಿದ. ಅವರು ವರಾಂಡದಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು.

"ಮೇಡಂ, ಇಲ್ಲ" ಎಂದ, ಏದುಸಿರು ಬಿಡುತ್ತಾ.

"ಏನಿಲ್ಲ?"

"ಅವನು ಏನೂ ಮಾಡಿಲ್ಲ. ಯಾರೂ ಯಾವ ಕೈಯೂ ತೋರಿಸಿಲ್ಲ. ಅದು ಬೂಸಲು."

ಮೇಡಂ ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಎಲ್ಲವನ್ನೂ ಕೇಳಿಸಿಕೊಂಡರು. "ಮೊನ್ನೆ ಇರಬಹುದು ಅಂದ್ರಿ. ಇವತ್ತು ಇಲ್ಲ ಅಂತೀರಿ. ಮುಂದಿನ ವಾರ ಏನಂತೀರಿ?"

"ಮುಂದಿನ ವಾರವೂ ಇಲ್ಲ."

"ನಾನು ನಂಬ್ತೀನಿ. ಆದ್ರೆ ಅವರ ಭಾವ ಇಲ್ಲ ಅಂದ್ರು ಅಂತ ಪೋಷಕರಿಗೆ ಹೇಳಿದ್ರೆ ನಗ್ತಾರೆ. ನಿಮ್ಮ ಮಾತು ಎಂಥದ್ದು ಅಂತ ಊರಿಗೆಲ್ಲ ಗೊತ್ತು."

ಅವನು ಪೆಚ್ಚಾದ. ಮೇಡಂ ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದ, ಸಿಗಲಿಲ್ಲ. ಆಮೇಲೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಹಾಗಾದ್ರೆ ನಾನೇ ವ್ಯಾನಲ್ಲಿ ಕೂತ್ಕೋತೀನಿ. ದಿನಾ, ಹೋಗೋವಾಗ ಬರೋವಾಗ. ಏನಾದ್ರೂ ಆಗೋದಿದ್ರೆ ಮೊದಲು ನನಗೇ ಆಗ್ಲಿ. ಇದನ್ನ ಹೇಳಿ ಅವರಿಗೆ."

ಮಾತಿಗೆ ಬೆಲೆ ಇಲ್ಲದವನು ಮೈಯನ್ನೇ ಜಾಮೀನು ಇಟ್ಟ. ಮೇಡಂ ಅಂದು ರಾತ್ರಿಯೇ ವಿಚಾರಿಸಿದರು, ಪೋಷಕರು ಅದನ್ನು ಒಪ್ಪಿಕೊಂಡರು. ಪರೀಕ್ಷೆ ಮುಗಿಯುವವರೆಗೆ ಹಾಗೆಯೇ ನಡೆಯಲಿ, ಆಮೇಲೆ ನೋಡೋಣ ಎಂದಾಯಿತು. ಭಾನುವಾರ ಅಕ್ಕ ಟ್ರಂಕಿನ ಮೇಲೆ ಕೂತುಬಿಟ್ಟಳು. ತಮ್ಮ ಹೊರಡಲಿಲ್ಲ.

ಹೀಗೆ ಇರಬಹುದಣ್ಣ, ತಲೆ ನರೆತ ಮನುಷ್ಯ, ಬೆಳಿಗ್ಗೆ ಮತ್ತು ಮಧ್ಯಾಹ್ನ ಮಕ್ಕಳ ನಡುವೆ ಮಂಡಿ ಮಡಚಿ ಕೂತು ಪ್ರಯಾಣ ಮಾಡತೊಡಗಿದ. ನೀವು ಯಾವ ಕ್ಲಾಸು ಎಂದು ಮಕ್ಕಳು ಕೇಳಿದರು. ಬಸ್ಸಿಗಿಂತ ಆನೆ ಉದ್ದ ಅಲ್ಲವೇ ಎಂದು ಒಬ್ಬ ಕೇಳಿದಾಗ ಹಳೆಯ ಮಾತು ನಾಲಿಗೆಯ ತುದಿಗೆ ಬಂತು, ಕಚ್ಚಿಕೊಂಡು "ಅಲ್ಲ" ಎಂದ. ಹುಡುಗ ಅಳು ಮುಖ ಮಾಡಿದ. ಇರಬಹುದಣ್ಣನಿಗೆ ತನ್ನ ಅಪ್ಪನ ಗಿರಾಕಿಗಳು ನೆನಪಾದರು.

ವ್ಯಾನಿನ ಒಂದು ನಿಯಮವನ್ನು ಮುಂದಿನ ಸೀಟಿನ ಪುಟ್ಟ ಹುಡುಗಿ ಮೊದಲ ದಿನವೇ ಅವನಿಗೆ ಹೇಳಿಕೊಟ್ಟಿದ್ದಳು. "ಡ್ರೈವರ್ ಮಾಮನ ಭುಜ ಮುಟ್ಟಬಾರದು. ಇಳಿಯೋದಿದ್ರೆ ಗಟ್ಟಿಯಾಗಿ ಕೂಗಬೇಕು." ಮಕ್ಕಳಿಗೆ ಸಾವಿರ ನಿಯಮ ಇರುತ್ತವೆ ಎಂದು ಅವನು ಅದನ್ನು ಮರೆತ.

ಒಂದು ಬೆಳಿಗ್ಗೆ ಮಕ್ಕಳನ್ನೆಲ್ಲ ಇಳಿಸಿ ಇಬ್ಬರೇ ಹಿಂತಿರುಗುತ್ತಿದ್ದರು. ಇರಬಹುದಣ್ಣನಿಗೆ ತೂಕಡಿಕೆ. ಕಣ್ಣು ಬಿಟ್ಟಾಗ ಅಂಗಡಿಯ ಬೀದಿಯ ತಿರುವು ಬಂದೇ ಬಿಟ್ಟಿತ್ತು. ಗಡಿಬಿಡಿಯಲ್ಲಿ ಮುಂದಕ್ಕೆ ಬಾಗಿ ಭಾವಮೈದನ ಭುಜವನ್ನು ಎರಡು ಸಲ ತಟ್ಟಿದ.

ವ್ಯಾನು ಕಿರುಚಿ ನಿಂತಿತು. ಇರಬಹುದಣ್ಣನ ಹಣೆ ಮುಂದಿನ ಸೀಟಿಗೆ ಬಡಿಯಿತು. ಭಾವಮೈದ ಸ್ಟಿಯರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕೂತಿದ್ದ.

"ಏನಾಯ್ತು? ಏನಾಯ್ತಪ್ಪ?"

ಭಾವಮೈದ ರಸ್ತೆಯನ್ನೇ ನೋಡುತ್ತಾ ಹೇಳಿದ. "ನಾಯಕರು ಹೀಗೇ ತಟ್ಟೋರು. ಎರಡು ಸಲ. ನಿಧಾನ ಮಾಡು ಅಂತ. ದಾರೀಲಿ ಜನ ಕಂಡ್ರೆ ಸಾಕು, ತಟ್ಟೋರು. ಅವತ್ತು ಎಲ್ಲೂ ನಿಧಾನ ಮಾಡಬೇಡ ಅಂತ ಪೊಲೀಸರು ಬೆಳಿಗ್ಗೇನೇ ನನಗೆ ಹೇಳಿದ್ರು. ಇವರು ತಟ್ಟಿದ್ರು. ಮಾಡಿದೆ."

ಹಿಂದೆ ಒಂದು ಸೈಕಲ್ಲು ಗಂಟೆ ಬಾರಿಸಿ, ಬೈದುಕೊಂಡು ಪಕ್ಕದಿಂದ ಹೋಯಿತು.

"ಆಯೋಗದವರಿಗೆ ಇದನ್ನ ಹೇಳ್ಲಿಲ್ವಾ?"

"ಯಾಕೆ ನಿಧಾನ ಆಯ್ತು ಅಂತ ಕೇಳಿದ್ರು. ಜನ ಇದ್ರು ಅಂದೆ. ಸತ್ತವರ ಮೇಲೆ ತಪ್ಪು ಹಾಕೋಕೆ ಮನಸ್ಸು ಬರ್ಲಿಲ್ಲ."

"ನಮಗಾದ್ರೂ ಹೇಳ್ಬಹುದಿತ್ತು."

"ನೀವು ಕೇಳ್ಲಿಲ್ಲ ಭಾವ."

ನೆರೆಯ ದೇಶವನ್ನು ವಿಚಾರಿಸಿದ್ದರು, ವಿಷವನ್ನು ವಿಚಾರಿಸಿದ್ದರು, ಬೂಸಲನ್ನು ವರ್ಷಗಟ್ಟಲೆ ಭೂತಗನ್ನಡಿ ಹಿಡಿದು ವಿಚಾರಿಸಿದ್ದರು. ಆ ಕ್ಷಣದಲ್ಲಿ ನಾಯಕರಿಗೆ ಎಲ್ಲರಿಗಿಂತ ಹತ್ತಿರ ಇದ್ದವನು ಬೆಂಚಿನವರ ನೆತ್ತಿಯ ಮೇಲೆಯೇ ವಾಸವಾಗಿದ್ದ. ಹತ್ತಿ ಹೋಗಿ ಕೇಳುವುದಕ್ಕೆ ಒಬ್ಬರಿಗೂ ಹೊಳೆದಿರಲಿಲ್ಲ.

"ಒಂದು ಹೇಳಿ ಭಾವ" ಎಂದ ಭಾವಮೈದ. ಹಿಂತಿರುಗಿ ನೋಡಲಿಲ್ಲ. "ತಟ್ಟಿದ್ದು ಗೊತ್ತಾಗದವನ ಹಾಗೆ ನಾನು ಮುಂದೆ ಹೋಗಿಬಿಟ್ಟಿದ್ರೆ, ಅವರು ಬದುಕ್ತಿದ್ರಾ?"

ಇಷ್ಟು ವರ್ಷ ಬೇಕಾಬಿಟ್ಟಿ ಹಂಚಿದ ಆ ಒಂದು ಮಾತು ಬಾಯಿಗೆ ಬಂದು ನಿಂತಿತು. ಇಡೀ ಬದುಕಿನಲ್ಲಿ ಅದು ಸರಿಯಾದ ಉತ್ತರವಾಗಿದ್ದದ್ದು ಇದೊಂದೇ ಪ್ರಶ್ನೆಗೆ. ಇರಬಹುದಣ್ಣ ಅದನ್ನು ನುಂಗಿಕೊಂಡ.

"ಇಲ್ಲ" ಎಂದ.

"ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ಗೊತ್ತಿಲ್ಲದೆ ಎಷ್ಟೋ ಮಾತಾಡಿದ್ದೀನಿ. ಇದೊಂದನ್ನ ನೀನು ಇಟ್ಕೋ."

ಭಾವಮೈದ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಗೇರು ಹಾಕಿದ. ವ್ಯಾನು ಮೆಲ್ಲಗೆ ಬೀದಿಯೊಳಗೆ ತಿರುಗಿತು. ಅಂಗಡಿ ಹತ್ತಿರ ಬಂದಾಗ ಇರಬಹುದಣ್ಣ ಎರಡೂ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು, ಮಕ್ಕಳ ಹಾಗೆ ಗಟ್ಟಿಯಾಗಿ, "ಇಲ್ಲೇ ನಿಲ್ಸಪ್ಪ" ಎಂದು ಕೂಗಿದ.